ಕೈಯ ರಚನೆಯೂ ಪಿಯಾನೋ ವಾದನವೂ

ಕೈಯ ಐದು ಬೆರಳೂ ಸಮನಾಗಿರುವುದಿಲ್ಲವೆಂಬುದು ನಮ್ಮಲ್ಲಿ ಮಕ್ಕಳೂ ಬಲ್ಲ ಗಾದೆ. ಅಣ್ಣತಮ್ಮಂದಿರ ಸ್ವಭಾವ ಬೇರೆಬೇರೆಯಾಗಿ ಕಂಡಾಗಲೂ, ಒಂದೇ ತರಗತಿಯ ಹುಡುಗರ ಬುದ್ಧಿ ಹೆಚ್ಚುಕಡಿಮೆಯಾದಾಗಲೂ ನಾವು ಈ ಮಾತನ್ನು ಸಮಾಧಾನಕ್ಕಾಗಿ ಹೇಳಿಕೊಳ್ಳುತ್ತೇವೆ. ಆದರೆ ಆ ಗಾದೆಯನ್ನು ಅಕ್ಷರಶಃ ಬೆರಳಿನ ವಿಷಯವಾಗಿಯೇ ಆಲೋಚಿಸಬೇಕಾದ ಸಂದರ್ಭ ನಮಗೆ ಬರುವುದು ಅಪೂರ್ವ. ಯುರೋಪಿನ ಪಿಯಾನೋ ವಾದಕರಿಗಾದರೋ ಇನ್ನೂರು ವರ್ಷಗಳಿಂದ ಇದೇ ದೊಡ್ಡ ಪ್ರಶ್ನೆ. ಸಮನಲ್ಲದ ಐದು ಬೆರಳುಗಳಿಂದ ಸಮನಾದ ಸ್ವರಗಳನ್ನು ಹೊರಡಿಸುವುದು ಹೇಗೆ? ಬೆರಳುಗಳನ್ನು ದಂಡಿಸಿ ಸಮಮಾಡಬೇಕೆ, ಅಥವಾ ಅವುಗಳ ಅಸಮತೆಯನ್ನು ಒಪ್ಪಿಕೊಂಡು ಅದರಿಂದಲೇ ಕೆಲಸ ತೆಗೆಯಬೇಕೆ? ಈ ಪ್ರಶ್ನೆ ಕೇವಲ ಪಂಡಿತರ ಚರ್ಚೆಯಲ್ಲ; ಇದರ ಸುಳಿಗೆ ಸಿಕ್ಕಿ ತಮ್ಮ ಕೈಯನ್ನೇ ಕಳೆದುಕೊಂಡವರುಂಟು. ಆ ಕಥೆಯನ್ನೂ, ಅದರ ಹಿಂದಿರುವ ಕೈಯ ರಚನೆಯನ್ನೂ ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಪಿಯಾನೋ ನಮ್ಮ ಸಂಗೀತದ ವಾದ್ಯವಲ್ಲ. ಗಮಕಕ್ಕೆ ಅದರಲ್ಲಿ ಎಡೆಯಿಲ್ಲ. ಆದರೂ ಅದು ನಮ್ಮ ನಾಡಿಗೆ ತೀರ ಅಪರಿಚಿತವೂ ಅಲ್ಲ. ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರು (1919–1974) ಪಿಯಾನೋ ವಾದನದಲ್ಲಿ ನುರಿತವರಾಗಿದ್ದು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದಿದ್ದರು. ರಷ್ಯಾದೇಶದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನು ಮುಪ್ಪಿನಲ್ಲಿ ಲಂಡನ್ನಿನಲ್ಲಿದ್ದಾಗ ಅವನ ಕೃತಿಗಳನ್ನು ಧ್ವನಿಮುದ್ರಿಸುವುದಕ್ಕಾಗಿ ಮೆಟ್ನರ್ ಸಂಘವನ್ನು ಏರ್ಪಡಿಸಿ ದ್ರವ್ಯವನ್ನೊದಗಿಸಿದವರು ಅವರೇ. ಮೆಟ್ನರನು ತನ್ನ ಮೂರನೆಯ ಪಿಯಾನೋ ಕಂಚರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. ಹೀಗಿರುವುದರಿಂದ ಮೈಸೂರಿನವರಾದ ನಾವು ಈ ವಾದ್ಯದ ಮಾತನ್ನು ಕೇಳುವುದರಲ್ಲಿ ವಿಪರೀತವೇನೂ ಇಲ್ಲ.

ಮೊದಲು ವಾದ್ಯದ ವಿಷಯವನ್ನು ನೋಡೋಣ. ಹಾರ್ಮೋನಿಯಮ್ಮನ್ನು ನಮ್ಮಲ್ಲಿ ಅನೇಕರು ಬಲ್ಲರು. ಕಣ್ಣಿಗೆ ಎರಡರ ಕೀಲಿಗಳೂ ಒಂದೇ ಬಗೆ. ಆದರೆ ಒಳಗಿನ ವ್ಯವಸ್ಥೆಗೆ ಅಜಗಜಾಂತರ. ಹಾರ್ಮೋನಿಯಮ್ಮಿನಲ್ಲಿ ಸ್ವರ ಹೊರಡುವುದು ಗಾಳಿಯಿಂದ. ಬೆರಳು ದ್ವಾರಪಾಲಕನ ಕೆಲಸವನ್ನು ಮಾತ್ರ ಮಾಡುತ್ತದೆ. ಮೆಲ್ಲಗೆ ಒತ್ತಿದರೂ ರಭಸದಿಂದ ಒತ್ತಿದರೂ ಧ್ವನಿಯಲ್ಲಿ ಹೆಚ್ಚಿನ ಭೇದವಿಲ್ಲ. ಪಿಯಾನೋದಲ್ಲಿ ಹಾಗಲ್ಲ. ಕೀಲಿಯನ್ನು ಒತ್ತಿದೊಡನೆ ಒಳಗೆ ಒಂದು ಸಣ್ಣ ಸುತ್ತಿಗೆ ಮೇಲೆದ್ದು ತಂತಿಯನ್ನು ಹೊಡೆಯುತ್ತದೆ. ಸುತ್ತಿಗೆಯ ವೇಗ ಹೆಚ್ಚಾದರೆ ನಾದ ಗಟ್ಟಿ, ಕಡಿಮೆಯಾದರೆ ನಾದ ಮೃದು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1700ರ ಸುಮಾರಿಗೆ ಬಾರ್ತಲೋಮಿಯೋ ಕ್ರಿಸ್ತೋಫೊರಿ ಎಂಬ ಶಿಲ್ಪಿಯು ಕಂಡುಹಿಡಿದ ಚಮತ್ಕಾರವಿದು. ಇಂದಿನ ಪಿಯಾನೋದಲ್ಲಿ ಇಂತಹ ಕೀಲಿಗಳು 88 ಇವೆ. ಒಂದೊಂದು ಕೀಲಿಯೂ ಇಳಿಯುವ ಆಳ ಸುಮಾರು ಒಂದು ಸೆಂಟಿಮೀಟರು; ಅದನ್ನು ಮೆಲ್ಲಗೆ ಇಳಿಸಲು ಬೇಕಾದ ಭಾರ ಸುಮಾರು 50 ಗ್ರಾಂ. ಇದೇನು ಮಹಾಭಾರವೆನ್ನಬಹುದು. ಆದರೆ ಒಂದು ದೊಡ್ಡ ಕೃತಿಯನ್ನು ನುಡಿಸುವಾಗ ಈ ಕಾರ್ಯ ಸಹಸ್ರಾರು ಸಲ ನಡೆಯಬೇಕು. ಪ್ರತಿಯೊಂದು ಸಲವೂ ವೇಗವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಬಲ್ಲ ಹಿಡಿತವಿರಬೇಕು. ಅದೂ ಬಲವಾದ ತೋರುಬೆರಳಿಗೆ ಮಾತ್ರವಲ್ಲ, ಹತ್ತು ಬೆರಳಿಗೂ ಇರಬೇಕು. ನಮ್ಮ ವೀಣೆಯ ವಿದ್ವಾಂಸರು ಮೆಟ್ಟುಗಳ ಮೇಲೆ ಪ್ರಧಾನವಾಗಿ ಓಡಾಡಿಸುವುದು ಎಡಗೈಯ ತೋರುಬೆರಳನ್ನೂ ನಡುಬೆರಳನ್ನೂ, ಎಂದರೆ ಕೈಯಲ್ಲಿ ಸಮರ್ಥವಾದ ಜೋಡಿಯನ್ನು. ಪಿಯಾನೋ ಅಂತಹ ದಾಕ್ಷಿಣ್ಯವನ್ನು ತೋರಿಸುವುದಿಲ್ಲ. ಉಂಗುರದ ಬೆರಳೂ ಕಿರುಬೆರಳೂ ಅದರಲ್ಲಿ ಸರಿಪಾಲಿನ ದುಡಿಮೆಗೆ ನಿಲ್ಲಬೇಕು.

ಇನ್ನು ಕೈಯ ರಚನೆ. ಒಂದು ಕೈಯಲ್ಲಿ 27 ಎಲುಬುಗಳಿವೆ. ಮಣಿಕಟ್ಟಿನಲ್ಲಿ ಬೆಣಚುಕಲ್ಲುಗಳಂತೆ ಒತ್ತಾಗಿ ಕೂಡಿಕೊಂಡಿರುವ ಸಣ್ಣ ಎಲುಬುಗಳು 8; ಅಂಗೈಯಲ್ಲಿ 5; ಬೆರಳುಗಳಲ್ಲಿ 14, ಹೆಬ್ಬೆರಳಿಗೆ ಎರಡು, ಉಳಿದವಕ್ಕೆ ಮೂರುಮೂರು. ಇವನ್ನು ಆಡಿಸುವ ಮಾಂಸಖಂಡಗಳೆಲ್ಲಿವೆ? ಬೆರಳಿನಲ್ಲಿಯೇ ಇರಬೇಕೆಂದು ನಾವು ಊಹಿಸುವುದು ಸಹಜ. ಆದರೆ ಬೆರಳುಗಳೊಳಗೆ ಅವನ್ನು ಮಡಿಸುವ ಮಾಂಸಖಂಡವೇ ಇಲ್ಲ! ಬೆರಳನ್ನು ಬಲವಾಗಿ ಮಡಿಸುವ, ಮೇಲಕ್ಕೆತ್ತುವ ದೊಡ್ಡ ಮಾಂಸಖಂಡಗಳು ಮಣಿಕಟ್ಟಿಗೂ ಮೊಣಕೈಗೂ ನಡುವೆ ಮುಂದೋಳಿನಲ್ಲಿವೆ. ಅಲ್ಲಿಂದ ಉದ್ದವಾದ ಬಿಳಿಯ ಹುರಿಗಳು, ವೈದ್ಯರ ಮಾತಿನಲ್ಲಿ ಸ್ನಾಯುರಜ್ಜುಗಳು, ಮಣಿಕಟ್ಟನ್ನು ದಾಟಿ ಬೆರಳುಗಳ ಎಲುಬಿಗೆ ಬಂದು ಸೇರುತ್ತವೆ. ತೊಗಲುಗೊಂಬೆಯಾಟದವನು ಮರೆಯಲ್ಲಿ ನಿಂತು ಗೊಂಬೆಯನ್ನು ಕುಣಿಸುವಂತೆ, ಮುಂದೋಳು ದೂರದಲ್ಲಿದ್ದುಕೊಂಡು ಬೆರಳುಗಳನ್ನು ಕುಣಿಸುತ್ತದೆ. ಬಲಗೈ ಬೆರಳುಗಳನ್ನು ಮೇಜಿನ ಮೇಲೆ ತಾಳ ಹಾಕುವಂತೆ ಆಡಿಸುತ್ತ ಎಡಗೈಯಿಂದ ಬಲ ಮುಂದೋಳನ್ನು ಹಿಡಿದು ನೋಡಿದರೆ ಒಳಗೆ ನಡೆಯುವ ಈ ಚಲನೆ ಕೈಗೆ ತಗಲುತ್ತದೆ.

ಹಾಗಾದರೆ ಐದು ಬೆರಳಿಗೂ ಐದು ಪ್ರತ್ಯೇಕ ಹುರಿಗಳಿದ್ದು ಪ್ರತಿಯೊಂದೂ ಸ್ವತಂತ್ರವಾಗಿರಬೇಕಲ್ಲವೆ? ಅದು ಹಾಗಿಲ್ಲ. ಶ್ರೋತೃಗಳು ಕುಳಿತಲ್ಲಿಯೇ ಒಂದು ಸಣ್ಣ ಪರೀಕ್ಷೆಯನ್ನು ಮಾಡಿನೋಡಬಹುದು. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಡಿ. ನಡುಬೆರಳೊಂದನ್ನು ಮಾತ್ರ ಚೆನ್ನಾಗಿ ಮಡಿಸಿ ಅಂಗೈಯ ಕೆಳಕ್ಕೆ ಸೇರಿಸಿ. ಈಗ ಮಿಕ್ಕ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆತ್ತಿ. ಹೆಬ್ಬೆರಳು ಏಳುತ್ತದೆ, ತೋರುಬೆರಳು ಏಳುತ್ತದೆ, ಕಿರುಬೆರಳೂ ಏಳುತ್ತದೆ. ಉಂಗುರದ ಬೆರಳು ಮಾತ್ರ ಮೇಜಿಗೆ ಅಂಟು ಹಾಕಿದಂತೆ ಮಲಗಿಬಿಡುತ್ತದೆ. ಮನಸ್ಸು ಎಷ್ಟು ಆಜ್ಞೆಮಾಡಿದರೂ ಅದು ಕೇಳುವುದಿಲ್ಲ.

ಇದರ ಕಾರಣ ಮುಂಗೈಯ ಬೆನ್ನಿನಲ್ಲಿದೆ. ಬೆರಳುಗಳನ್ನು ಎತ್ತುವ ಹುರಿಗಳು ಅಲ್ಲಿ ಅಡ್ಡಪಟ್ಟಿಗಳಿಂದ ಒಂದಕ್ಕೊಂದು ಹೆಣೆದುಕೊಂಡಿವೆ. ಉಂಗುರದ ಬೆರಳಿನ ಹುರಿಗೆ ಈ ಬಂಧನ ಎರಡು ಕಡೆಯಿಂದಲೂ ಉಂಟು. ನಡುಬೆರಳನ್ನು ಮಡಿಸಿದಾಗ ಅದರ ಹುರಿ ಮುಂದಕ್ಕೆ ಸರಿಯುತ್ತ ಪಕ್ಕದ ಹುರಿಯನ್ನೂ ಎಳೆದುಕೊಂಡು ಹೋಗುತ್ತದೆ. ಆಗ ಉಂಗುರದ ಬೆರಳಿನ ಹುರಿ ಸಡಿಲವಾಗಿ, ಮೇಲಿನಿಂದ ಎಳೆದರೂ ಬೆರಳು ಏಳುವುದಿಲ್ಲ. ತೋರುಬೆರಳಿಗೂ ಕಿರುಬೆರಳಿಗೂ ಈ ಸಾಮಾನ್ಯ ಹುರಿಯಲ್ಲದೆ ಎತ್ತುವುದಕ್ಕೆ ತಮ್ಮದೇ ಆದ ಇನ್ನೊಂದು ಮಾಂಸಖಂಡವಿದೆ. ಉಂಗುರದ ಬೆರಳಿಗೆ ಆ ಸೌಭಾಗ್ಯವಿಲ್ಲ. ಬೆರಳ ತುದಿಯನ್ನು ಮಡಿಸುವ ಕಡೆಯೂ ಇದೇ ಸ್ಥಿತಿ. ನಡುಬೆರಳು, ಉಂಗುರದ ಬೆರಳು, ಕಿರುಬೆರಳು ಮೂರೂ ಬಹುಮಟ್ಟಿಗೆ ಒಂದೇ ಮಾಂಸರಾಶಿಯ ಆಶ್ರಿತರು. ಸಂಸ್ಕೃತದಲ್ಲಿ ಆ ಬೆರಳಿಗೆ ಅನಾಮಿಕೆ, ಹೆಸರಿಲ್ಲದವಳು ಎಂಬ ಹೆಸರು ಸಂದಿದೆ. ಅವಿಭಕ್ತ ಕುಟುಂಬದಲ್ಲಿ ಸ್ವಂತ ಆಸ್ತಿಯಿಲ್ಲದೆ ಎಲ್ಲರೊಡನೆ ನಡೆಯಬೇಕಾದ ಸೊಸೆಯ ಸ್ಥಿತಿ ಅದರದು.

ಉಳಿದ ವಿಷಯಗಳಲ್ಲಿಯೂ ಭೇದವುಂಟು. ಹೆಬ್ಬೆರಳು ಮಿಕ್ಕ ನಾಲ್ಕಕ್ಕೆ ಅಡ್ಡವಾಗಿ ನಿಂತಿದೆ. ಅದರ ಬುಡದ ಸಂಧಿ ಕುದುರೆಯ ಜೀನಿನ ಆಕಾರದ್ದಾಗಿ ಮಣಿಕಟ್ಟಿನ ಹತ್ತಿರವೇ ಇದೆ. ಆದ್ದರಿಂದಲೇ ಅದು ಅಂಗೈಯ ಕೆಳಗೆ ನುಸುಳಬಲ್ಲದು. ಸ್ವರಗಳನ್ನು ಆರೋಹಣ ಕ್ರಮದಲ್ಲಿ ನುಡಿಸುವಾಗ ಮಿಕ್ಕ ಬೆರಳುಗಳಿಗೆ ದಾರಿ ಬಿಟ್ಟು ಕೈಯನ್ನು ಮುಂದಕ್ಕೆ ಸಾಗಿಸಬಲ್ಲದು. ಅಂಗೈಯೊಳಗೆ ಎರೆಹುಳುವಿನಷ್ಟು ಸಣ್ಣ ಮಾಂಸಖಂಡಗಳು ನಾಲ್ಕಿವೆ. ಇವು ಬೆರಳನ್ನು ಬುಡದ ಗೆಣ್ಣಿನಲ್ಲಿ ಬಾಗಿಸಿ ಮುಂದಿನ ಗೆಣ್ಣುಗಳನ್ನು ನೀಡಿಸುತ್ತವೆ. ಕೈ ಕಮಾನಿನಂತೆ ಬಾಗಿ ನಿಲ್ಲುವುದರಲ್ಲಿ ಇವುಗಳ ಪಾಲು ದೊಡ್ಡದು. ಮುಂದೋಳಿನಲ್ಲಿ ಎಲುಬುಗಳು ಎರಡು. ಅಂಗೈಯನ್ನು ಕೆಳಮುಖ ಮಾಡಿದಾಗ ಒಂದು ಎಲುಬು ಇನ್ನೊಂದರ ಮೇಲೆ ಹೊರಳಿಕೊಳ್ಳುತ್ತದೆ. ಬಾಗಿಲ ಹಿಡಿಯನ್ನು ತಿರುಗಿಸುವ ಈ ಹೊರಳಿಕೆಯಿಂದಲೇ ವಾದಕನು ಹೆಬ್ಬೆರಳು ಕಿರುಬೆರಳುಗಳಿಂದ ಎರಡು ದೂರದ ಸ್ವರಗಳನ್ನು ಒಂದಾದ ಮೇಲೊಂದರಂತೆ ತ್ವರೆಯಾಗಿ ನುಡಿಸುತ್ತಾನೆ. ಅಲ್ಲಿ ದುರ್ಬಲವಾದ ಕಿರುಬೆರಳು ಬಡಿಯುವುದೇ ಇಲ್ಲ. ಮುಂದೋಳು ಹೊರಳಿ ಅದಕ್ಕೆ ಬಲ ಕೊಡುತ್ತದೆ.

ಈ ಸಂಗತಿಗಳು ಶಸ್ತ್ರವೈದ್ಯರಿಗೆ ಗೊತ್ತಿದ್ದರೂ ಹತ್ತೊಂಬತ್ತನೆಯ ಶತಮಾನದ ಸಂಗೀತೋಪಾಧ್ಯಾಯರಲ್ಲಿ ಅನೇಕರು ಅವನ್ನು ಲಕ್ಷಿಸಲಿಲ್ಲ. ಆ ಶತಮಾನ ಯಂತ್ರಗಳ ಶತಮಾನ. ಕೈಯನ್ನೂ ಯಂತ್ರದಿಂದ ತಿದ್ದಬಹುದೆಂಬ ನಂಬಿಕೆ ಹಬ್ಬಿತು. 1814ರಲ್ಲಿ ಲೋಜಿಯೇ ಎಂಬವನು ಕೈರೋಪ್ಲಾಸ್ಟ್ ಎಂಬ ಚೌಕಟ್ಟಿಗೆ ಹಕ್ಕುಪತ್ರವನ್ನು ಪಡೆದನು. ಅದನ್ನು ಕೀಲಿಗಳ ಮುಂದೆ ಕೂರಿಸಿ, ಎರಡು ಪಟ್ಟಿಗಳ ನಡುವೆ ಮಣಿಕಟ್ಟನ್ನು ತೂರಿಸಿ, ಬೆರಳುಗಳನ್ನು ಒಂದೊಂದು ಗೂಡಿನಲ್ಲಿಟ್ಟರೆ ಕೈ ಅತ್ತಿತ್ತ ಅಲುಗುವಂತಿಲ್ಲ. ಬೆರಳು ಮಾತ್ರ ಮೇಲಕ್ಕೆದ್ದು ಕೆಳಕ್ಕೆ ಬೀಳಬೇಕು. ಪ್ಯಾರಿಸ್ಸಿನ ಪ್ರಖ್ಯಾತ ವಾದಕ ಕಾಲ್ಕ್‌ಬ್ರೆನ್ನರನು ಇದನ್ನೇ ಸರಳಗೊಳಿಸಿ ಕೈಯಿಡುವ ಒಂದು ಕಂಬಿಯನ್ನು ಪ್ರಚಾರಕ್ಕೆ ತಂದನು. ತೋಳಿನ ಸಹಾಯವನ್ನು ತಪ್ಪಿಸಿ ಬೆರಳನ್ನು ಒಂಟಿಯಾಗಿ ದುಡಿಸಿದರೆ ಎಲ್ಲ ಬೆರಳೂ ಸಮಬಲವಾಗುವುವೆಂಬುದು ಇವರ ಸಿದ್ಧಾಂತ.

1810ನೆಯ ಇಸವಿಯಲ್ಲಿ ಇಬ್ಬರು ಮಹಾವಾಗ್ಗೇಯಕಾರರು ಹುಟ್ಟಿದರು. ಒಬ್ಬನು ಪೋಲೆಂಡಿನ ಷೋಪಾನ್, ಇನ್ನೊಬ್ಬನು ಜರ್ಮನಿಯ ರಾಬರ್ಟ್ ಷೂಮನ್. ಕೈಯ ವಿಷಯದಲ್ಲಿ ಈ ಇಬ್ಬರ ದಾರಿಗಳು ಬೇರೆಬೇರೆಯಾದುವು.

ಷೂಮನ್ ನ್ಯಾಯಶಾಸ್ತ್ರದ ಓದನ್ನು ಬಿಟ್ಟು 1830ರಲ್ಲಿ ಲೈಪ್‌ಜಿಗ್ ನಗರದ ಫ್ರೀಡ್ರಿಕ್ ವೀಕ್ ಎಂಬ ಗುರುವಿನ ಬಳಿ ಪಿಯಾನೋ ಕಲಿಯಲು ನಿಂತನು. ವಯಸ್ಸು ಇಪ್ಪತ್ತಾಗಿತ್ತು, ಕಳೆದುಹೋದ ಕಾಲವನ್ನು ತುಂಬಿಕೊಳ್ಳಬೇಕೆಂಬ ಆತುರ ಬಲವಾಗಿತ್ತು. ದಿನದಿನವೂ ಗಂಟೆಗಟ್ಟಲೆ ಸಾಧನೆ ಮಾಡಿದನು. ಅಷ್ಟು ಸಾಲದೆ ಬೆರಳನ್ನು ಹದಗೊಳಿಸಲು ಒಂದು ಉಪಕರಣವನ್ನೂ ಬಳಸಿದನು. ಒಂದೆರಡು ವರ್ಷಗಳಲ್ಲಿ ಅವನ ಬಲಗೈಯ ನಡುಬೆರಳು ಅವನ ಮಾತನ್ನು ಕೇಳದಂತಾಯಿತು. ಅಂದಿನ ವೈದ್ಯರ ಸಲಹೆಯಂತೆ, ಆಗತಾನೆ ಕೊಂದ ಪ್ರಾಣಿಯ ಒಡಲಿನ ಬಿಸಿಯಲ್ಲಿ ಕೈಯಿಡುವ ಚಿಕಿತ್ಸೆಯನ್ನು ಕೂಡ ಮಾಡಿಕೊಂಡನು. ಫಲ ಸೊನ್ನೆ. ಉಪಕರಣವೇ ಕೈಯನ್ನು ಕೆಡಿಸಿತೋ, ಅತಿಸಾಧನೆಯೋ, ಬೇರೆ ರೋಗಕ್ಕೆ ತೆಗೆದುಕೊಂಡ ಔಷಧವೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಅತಿಸಾಧನೆಯಿಂದ ಮಿದುಳಿನ ಹತೋಟಿಯೇ ತಪ್ಪುವ ಡಿಸ್ಟೋನಿಯಾ ಎಂಬ ವ್ಯಾಧಿಯೆಂದು ಈಗಿನ ವೈದ್ಯರಲ್ಲಿ ಹಲವರ ಅಭಿಪ್ರಾಯ. ಏನಾದರಾಗಲಿ, ವಾದಕನಾಗುವ ಅವನ ಆಸೆ ಅಲ್ಲಿಗೆ ಮುಗಿಯಿತು. ಆ ದಿನಗಳಲ್ಲಿಯೇ, 1831ರಲ್ಲಿ, ಅವನು ಪತ್ರಿಕೆಯೊಂದರಲ್ಲಿ ಇನ್ನೂ ಹೆಸರಾಗದ ಷೋಪಾನನನ್ನು ಮಹಾಪ್ರತಿಭೆಯೆಂದು ಮುಕ್ತಕಂಠದಿಂದ ಹೊಗಳಿ ಬರೆದನೆಂಬುದನ್ನು ನೆನೆದರೆ ಅವನ ಔದಾರ್ಯಕ್ಕೆ ತಲೆಬಾಗಬೇಕೆನಿಸುತ್ತದೆ. ಮುಂದೆ ಅವನು ರಚಿಸಿದ ಪಿಯಾನೋ ಕೃತಿಗಳನ್ನು ಲೋಕಕ್ಕೆ ನುಡಿಸಿ ತೋರಿಸಿದವಳು ಗುರುವಿನ ಮಗಳೂ 1840ರಿಂದ ಅವನ ಪತ್ನಿಯೂ ಆದ ಕ್ಲಾರಾ.

ಷೋಪಾನನಾದರೋ 1831ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಕಾಲ್ಕ್‌ಬ್ರೆನ್ನರನು ತನ್ನಲ್ಲಿ ಮೂರು ವರ್ಷ ಶಿಷ್ಯವೃತ್ತಿ ಮಾಡಬೇಕೆಂದು ಅವನನ್ನು ಕರೆದನು. ಷೋಪಾನ್ ಆಲೋಚಿಸಿ, ಗೌರವದಿಂದಲೇ ನಿರಾಕರಿಸಿದನು. ತನ್ನ ಕೊನೆಯ ವರ್ಷಗಳಲ್ಲಿ ಅವನು ವಾದನ ಕ್ರಮವನ್ನು ಕುರಿತು ಒಂದು ಪುಸ್ತಕವನ್ನು ಬರೆಯಹೊರಟು ಕೆಲವು ಹಾಳೆಗಳನ್ನು ಮಾತ್ರ ಬಿಟ್ಟುಹೋದನು. 1849ರಲ್ಲಿ ಅವನು ತೀರಿಕೊಂಡನು. ಆ ಹಾಳೆಗಳು ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿವೆ. ಅವುಗಳ ತಾತ್ಪರ್ಯವಿಷ್ಟು: ಬೆರಳುಗಳ ಬಲವನ್ನು ಸಮಮಾಡಲು ಜನರು ಬಹುಕಾಲ ಪ್ರಕೃತಿಗೆ ವಿರುದ್ಧವಾಗಿ ಹೆಣಗಿದ್ದಾರೆ, ಬೆರಳಿನ ಸಂಖ್ಯೆಯೆಷ್ಟೋ ನಾದದ ಬಗೆಗಳೂ ಅಷ್ಟೇ, ಪ್ರತಿಯೊಂದು ಬೆರಳಿನ ವಿಶಿಷ್ಟವಾದ ಸೊಗಸನ್ನು ಕೆಡಿಸದೆ ಬೆಳಸುವುದೇ ಮೇಲು. ಉಂಗುರದ ಬೆರಳು ನಡುಬೆರಳಿಗೆ ಕಟ್ಟುಬಿದ್ದಿರುವುದನ್ನೂ, ಅದನ್ನು ಬೇರ್ಪಡಿಸಲು ಜನರು ಪಡುವ ವ್ಯರ್ಥ ಪ್ರಯಾಸವನ್ನೂ ಅವನು ಅಲ್ಲಿ ಗುರುತಿಸಿದ್ದಾನೆ.

ಮಾತಿಗಿಂತಲೂ ಅವನ ಬೋಧನಕ್ರಮ ಹೆಚ್ಚು ಸ್ವಾರಸ್ಯವಾಗಿದೆ. ಎಲ್ಲ ಉಪಾಧ್ಯಾಯರೂ ಬರಿಯ ಬಿಳಿಯ ಕೀಲಿಗಳಿರುವ ಸ್ವರಶ್ರೇಣಿಯನ್ನು ಸುಲಭವೆಂದು ಮೊದಲು ಕಲಿಸುವರಷ್ಟೆ. ಓದುವುದಕ್ಕೆ ಅದು ಸುಲಭ, ಕೈಗೆ ಕಷ್ಟವೆಂದು ಷೋಪಾನನ ಮತ. ಅವನು ಆರಂಭದಲ್ಲಿ ಶಿಷ್ಯನ ಹೆಬ್ಬೆರಳನ್ನೂ ಕಿರುಬೆರಳನ್ನೂ ಬಿಳಿಯ ಕೀಲಿಗಳ ಮೇಲಿರಿಸಿ, ಉದ್ದವಾದ ನಡುವಣ ಮೂರು ಬೆರಳುಗಳನ್ನು ಎತ್ತರದಲ್ಲಿರುವ ಕರಿಯ ಕೀಲಿಗಳ ಮೇಲಿರಿಸುತ್ತಿದ್ದನು. ಗಿಡ್ಡ ಬೆರಳಿಗೆ ಹತ್ತಿರದ ಕೀಲಿ, ಉದ್ದ ಬೆರಳಿಗೆ ದೂರದ ಕೀಲಿ. ಕೈ ತಾನಾಗಿಯೇ ಕಮಾನಾಗಿ ಕುಳಿತುಕೊಳ್ಳುತ್ತದೆ. ಕೈಯನ್ನು ವಾದ್ಯಕ್ಕೆ ಬಗ್ಗಿಸುವುದಕ್ಕೆ ಮೊದಲು ವಾದ್ಯದಲ್ಲಿ ಕೈಗೆ ಒಗ್ಗುವ ಎಡೆಯನ್ನು ಹುಡುಕಿದನು. ಇದೇ ಉತ್ತಮ ಗುರುವಿನ ಲಕ್ಷಣ.

ಆದರೂ ಲೋಕ ಇದನ್ನು ಬೇಗ ಕಲಿಯಲಿಲ್ಲ. 1880ರ ದಶಕದಲ್ಲಿ ಅಮೆರಿಕಾದ ಫಿಲಡೆಲ್ಫಿಯಾ ನಗರದ ಶಸ್ತ್ರವೈದ್ಯ ಫೋರ್ಬ್ಸ್ ಎಂಬವನು, ನಾವು ಮೇಲೆ ಹೇಳಿದ ಅಡ್ಡಪಟ್ಟಿಗಳನ್ನು ಕತ್ತರಿಸಿ ಉಂಗುರದ ಬೆರಳಿಗೆ ಬಿಡುಗಡೆ ಕೊಡುವೆನೆಂದು ಸಂಗೀತಗಾರರ ಕೈಗೆ ಚಾಕು ಹಾಕಿದನು. ಕೆಲವು ಕಾಲ ಆ ಚಿಕಿತ್ಸೆಗೆ ಹೆಸರೂ ಬಂದಿತು. ಬಳಿಕ ಅದು ಬಳಕೆ ತಪ್ಪಿತು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇನ್ನೊಂದು ಪಂಥ ಹುಟ್ಟಿತು. ಇಂಗ್ಲೆಂಡಿನಲ್ಲಿ ಮ್ಯಾಥೇ 1903ರಲ್ಲಿಯೂ, ಜರ್ಮನಿಯಲ್ಲಿ ಬ್ರೈಟ್‌ಹಾಪ್ಟ್ 1905ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿ, ಬೆರಳಿನ ಬಲಕ್ಕಿಂತ ತೋಳಿನ ಭಾರ ಮುಖ್ಯ, ದೇಹವನ್ನು ಸಡಿಲಬಿಡುವುದು ಮುಖ್ಯ ಎಂದು ಸಾರಿದರು. ಇದರಿಂದ ಉಪಕಾರವಾಯಿತು, ಆದರೆ ಎಲ್ಲವನ್ನೂ ಸಡಿಲಿಸಿದರೆ ಸಾಕೆಂಬ ಅತಿರೇಕವೂ ಹುಟ್ಟಿಕೊಂಡಿತು. ಬಾಲ್ಟಿಮೋರಿನ ಪೀಬಾಡಿ ಸಂಗೀತಶಾಲೆಯ ಆಟೋ ಆರ್ಟ್‌ಮನ್ ಉಪಕರಣಗಳಿಂದ ವಾದಕರ ಚಲನೆಗಳನ್ನು ಅಳೆದು 1925ರಲ್ಲಿಯೂ 1929ರಲ್ಲಿಯೂ ಎರಡು ಗ್ರಂಥಗಳನ್ನು ಬರೆದನು. ಕೀಲಿಯ ಮೇಲೆ ಭಾರ ಬೀಳಬೇಕಾದರೆ ಮಧ್ಯದ ಸಂಧಿಗಳು ಆ ಕ್ಷಣದಲ್ಲಿ ಬಿಗಿಯಾಗಿ ನಿಲ್ಲಬೇಕು. ಪೂರ್ಣ ಸಡಿಲವಾದ ಕೈ ಕೀಲಿಯ ಮೇಲೆ ಕುಸಿಯುವುದೇ ಹೊರತು ನುಡಿಸಲಾರದು ಎಂಬುದನ್ನು ಅವನು ತೋರಿಸಿದನು. ಬೇಕಾದದ್ದು ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಬೇಕಾದಾಗ ಬೇಕಾದಷ್ಟೇ ಬಿಗಿ, ಮರುಕ್ಷಣ ಬಿಡುಗಡೆ.

ಈ ಮಾತನ್ನು ವಾದ್ಯದ ಯಂತ್ರವೇ ಸಮರ್ಥಿಸುತ್ತದೆ. ಸುತ್ತಿಗೆ ತಂತಿಯನ್ನು ಮುಟ್ಟುವುದಕ್ಕೆ ತುಸು ಮೊದಲೇ ಕೀಲಿಯ ಹಿಡಿತದಿಂದ ಬಿಡಿಸಿಕೊಂಡು ತಾನಾಗಿ ಹಾರುತ್ತದೆ. ಬಿಲ್ಲಿನಿಂದ ಬಿಟ್ಟ ಬಾಣದಂತೆ ಆಮೇಲೆ ಅದರ ಮೇಲೆ ನಮ್ಮ ಅಧಿಕಾರವಿಲ್ಲ. ಕೀಲಿ ತಳ ಮುಟ್ಟಿದ ಮೇಲೆ ಎಷ್ಟು ಅದುಮಿದರೂ ನಾದಕ್ಕೆ ಒಂದು ಕಾಸಿನ ಲಾಭವಿಲ್ಲ; ಶ್ರಮವೆಲ್ಲ ಮುಂದೋಳಿನ ಹುರಿಗಳ ಪಾಲಿಗೆ. ಮಣಿಕಟ್ಟಿನ ಒಳಬದಿಯಲ್ಲಿ ಒಂದು ಕಿರಿದಾದ ಕಣಿವೆಯಿದ್ದು, ಒಂಬತ್ತು ಹುರಿಗಳೂ ಒಂದು ಮುಖ್ಯವಾದ ನರವೂ ಅದರಲ್ಲಿ ಇಕ್ಕಟ್ಟಾಗಿ ಸಾಗುತ್ತವೆ. ಮಣಿಕಟ್ಟನ್ನು ಅತಿಯಾಗಿ ಮೇಲಕ್ಕೋ ಕೆಳಕ್ಕೋ ಬಾಗಿಸಿಟ್ಟುಕೊಂಡು ದುಡಿದರೆ ಆ ನರಕ್ಕೆ ಒತ್ತಡ ಬಿದ್ದು ಬೆರಳು ಜೋಮುಹಿಡಿಯುತ್ತದೆ. ಮಣಿಕಟ್ಟು ಮುಂದೋಳಿನ ನೇರಕ್ಕಿರಬೇಕೆಂದು ಉಪಾಧ್ಯಾಯರು ಹೇಳುವುದು ಅಂದಕ್ಕಾಗಿ ಅಲ್ಲ.

ಕೈಯ ಗಾತ್ರದ ಮಾತೂ ಉಂಟು. ಒಂದು ಸಪ್ತಕದ ಎರಡು ತುದಿಗಳ ಅಂತರ ಸುಮಾರು 16.5 ಸೆಂಟಿಮೀಟರು. ದೊಡ್ಡ ಕೈಗೆ ಇದು ಲೀಲೆ, ಸಣ್ಣ ಕೈಗೆ ಶಿಕ್ಷೆ. ಜೋಸೆಫ್ ಹಾಫ್‌ಮನ್ ಎಂಬ ಮಹಾವಾದಕನ ಕೈ ಚಿಕ್ಕದಾಗಿದ್ದುದರಿಂದ ಸ್ಟೈನ್‌ವೇ ಸಂಸ್ಥೆಯವರು ಅವನಿಗಾಗಿ ತುಸು ಕಿರಿದಾದ ಕೀಲಿಗಳ ಪಿಯಾನೋಗಳನ್ನು ಮಾಡಿಕೊಟ್ಟರು. ಅಷ್ಟು ದೊಡ್ಡ ವಿದ್ವಾಂಸನಿಗೆ ಅದು ನಾಚಿಕೆಯ ವಿಷಯವಾಗಲಿಲ್ಲ.

ಯಂತ್ರಗಳ ಕಾಲ ಹೋಯಿತು, ಅಪಾಯ ಹೋಗಲಿಲ್ಲ. ಅಮೆರಿಕಾದ ಲಿಯಾನ್ ಫ್ಲೈಷರ್ (1928–2020) ಯೌವನದಲ್ಲಿಯೇ ಜಗದ್ವಿಖ್ಯಾತನಾದ ವಾದಕ. 1964ರ ವೇಳೆಗೆ ಅವನ ಬಲಗೈಯ ಉಂಗುರದ ಬೆರಳೂ ಕಿರುಬೆರಳೂ ತಾವಾಗಿ ಅಂಗೈಯೊಳಕ್ಕೆ ಸುರುಳಿಕೊಳ್ಳತೊಡಗಿದುವು. ಮುಂದೆ ಮೂವತ್ತು ವರ್ಷಗಳ ಕಾಲ ಅವನು ಬಹುಮಟ್ಟಿಗೆ ಎಡಗೈಯ ಕೃತಿಗಳನ್ನು ಮಾತ್ರ ನುಡಿಸಿ, ಪಾಠ ಹೇಳಿ, ವೃಂದವನ್ನು ನಡೆಸಿ ಕಾಲ ಕಳೆದನು. ಅಂತಹ ಕೃತಿಗಳಲ್ಲಿ ಶ್ರೇಷ್ಠವಾದದ್ದು ಫ್ರಾನ್ಸಿನ ರವೆಲ್ ರಚಿಸಿದ ಎಡಗೈಯ ಕಂಚರ್ಟೋ. 1914ರ ಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡ ಪೌಲ್ ವಿಟ್ಗೆನ್‌ಸ್ಟೈನನಿಗಾಗಿ ಬರೆದದ್ದು, 1932ರಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಬಂದದ್ದು. ಫ್ಲೈಷರನ ರೋಗ ಡಿಸ್ಟೋನಿಯಾ ಎಂದು ಕೊನೆಗೆ ಗೊತ್ತಾಗಿ, 1990ರ ದಶಕದಲ್ಲಿ ಚಿಕಿತ್ಸೆ ನಡೆದು, ಅವನು ಮತ್ತೆ ಎರಡು ಕೈಗಳಿಂದ ನುಡಿಸಿದನು. ನೋವನ್ನು ಲೆಕ್ಕಿಸದೆ ಇನ್ನೂ ಹೆಚ್ಚು ಸಾಧನೆ ಮಾಡಬೇಡಿರೆಂದು ಎಳೆಯರಿಗೆ ಅವನು ಎಚ್ಚರಿಸುತ್ತಿದ್ದನು.

ನಮ್ಮ ನಾಡಿನಲ್ಲಿ ಪಿಯಾನೋ ಕಲಿಯುವ ಮಕ್ಕಳು ಇಂದು ಕಡಿಮೆಯೇನಲ್ಲ. ಪರೀಕ್ಷೆಗೆ ಕುಳಿತುಕೊಳ್ಳುವವರೂ ಬಹಳ. ವೀಣೆ, ಪಿಟೀಲು, ಮೃದಂಗಗಳನ್ನು ಅಭ್ಯಾಸಮಾಡುವವರಿಗೂ ಕೈ ಒಂದೇ. ತಪಸ್ಸಿನಂತೆ ಸಾಧನೆ ಮಾಡಬೇಕೆಂಬುದು ನಮ್ಮ ಸಂಪ್ರದಾಯದ ದೊಡ್ಡ ಮಾತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಪಸ್ಸು ಬೇರೆ, ದೇಹದಂಡನೆ ಬೇರೆ. ಮಗು ಮುಂದೋಳು ನೋಯುತ್ತದೆಂದರೆ ಅದನ್ನು ಸೋಮಾರಿತನವೆಂದು ಗದರಿಸುವ ಮೊದಲು ಕೈಯನ್ನು ಹಿಡಿದು ನೋಡಬೇಕು. ಹೊತ್ತುಹೊತ್ತಿಗೆ ವಿಶ್ರಾಂತಿ ಕೊಡಬೇಕು. ಮಣಿಕಟ್ಟು ಸೊಟ್ಟಗಿದೆಯೇ, ಕುಳಿತ ಮಣೆ ತಗ್ಗಾಗಿದೆಯೇ, ಹೆಗಲು ಬಿಗಿದಿದೆಯೇ ಎಂದು ವಿಚಾರಿಸಬೇಕು. ನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಅನಾಮಿಕೆ ಏಳಲಿಲ್ಲವೆಂದರೆ ಅದು ಮಗುವಿನ ತಪ್ಪಲ್ಲ, ಮುಂಗೈಯ ಬೆನ್ನಿನಲ್ಲಿರುವ ಅಡ್ಡಪಟ್ಟಿಯದು. ಅದನ್ನು ಎತ್ತಿ ಬಡಿಸುವ ಬದಲು ಕೈಯನ್ನು ತುಸು ಆ ಕಡೆಗೆ ವಾಲಿಸಿ ತೋಳಿನ ನೆರವನ್ನು ಕೊಡುವುದೇ ಮಾರ್ಗ.

ಐದು ಬೆರಳು ಸಮನಲ್ಲವೆಂದು ಹೇಳಿದ ನಮ್ಮ ಹಿರಿಯರು ಅದನ್ನು ದುಃಖದಿಂದ ಹೇಳಲಿಲ್ಲ. ಸಮನಲ್ಲದ ಬೆರಳುಗಳೇ ಸೇರಿ ತುತ್ತು ಕಲಸುತ್ತವೆ, ಹೂ ಕಟ್ಟುತ್ತವೆ, ಲೇಖನಿ ಹಿಡಿಯುತ್ತವೆ. ಅವುಗಳಿಂದ ಸ್ವರ ಸಮನಾಗಿ ಹೊರಡಬೇಕಾದರೆ ಬೆರಳು ಸಮನಾಗಬೇಕಿಲ್ಲ. ನುಡಿಸುವವನ ಕಿವಿ ಎಚ್ಚರವಾಗಿದ್ದರೆ ಸಾಕು. ಕಿವಿ ಯಾವ ನಾದವನ್ನು ಬೇಡುತ್ತದೆಯೋ ಅದನ್ನು ಕೈ ತನ್ನ ದಾರಿಯಲ್ಲಿ ಹುಡುಕಿಕೊಳ್ಳುತ್ತದೆ. ಆ ದಾರಿಗೆ ಅಡ್ಡ ನಿಲ್ಲದಿರುವುದೇ ಗುರುವಾದವನ ಮೊದಲ ಕೆಲಸ.